ಬಣ್ಣದ ಘನಕ್ಕೊಂದು ಗಡಿಯಾರ

ವಿಟಿಯುವಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಯಾರನ್ನಾದರೂ ಕೇಳಿ, ಆರನೇ ಸೆಮಿಸ್ಟರಿನ ಗ್ರಾಫಿಕ್ಸ್ ಲ್ಯಾಬಿನ ಬಣ್ಣದ ಘನ ಅವರಿಗೆ ನೆನಪಿರುತ್ತದೆ. ಓಪನ್‌ಜಿಎಲ್ ಬಳಸಿ ಒಂದು ಘನ ಬರೆಯಬೇಕು, ಅದರ ಎಂಟು ಮೂಲೆಗಳಿಗೆ ಎಂಟು ಬಣ್ಣ ಕೊಡಬೇಕು, ಆಮೇಲೆ ಅದನ್ನು ತಿರುಗಿಸಬೇಕು. ಮೌಸಿನ ಯಾವ ಗುಂಡಿ ಒತ್ತುತ್ತೀರೋ ಆ ಅಕ್ಷದ ಸುತ್ತ ಘನ ತಿರುಗುತ್ತದೆ. ತಿರುಗಿಸುವ ಕೆಲಸ ಮಾಡುವುದು ಮೂರು ಸಾಲಿನ ಒಂದು ಪುಟ್ಟ ಫಂಕ್ಷನ್. ಕೋನಕ್ಕೆ ಒಂದು ಡಿಗ್ರಿ ಕೂಡಿಸು, 360 ದಾಟಿದರೆ 360 ಕಳೆ, ಚಿತ್ರವನ್ನು ಮತ್ತೆ ಬರೆ. ರೆಕಾರ್ಡ್ ಪುಸ್ತಕದಲ್ಲಿ ಇದನ್ನು ಬರೆದು, ಸಹಿ ಹಾಕಿಸಿಕೊಂಡು, ವೈವಾದಲ್ಲಿ ಉತ್ತರ ಹೇಳಿ ಪಾಸಾದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಆ ಮೂರು ಸಾಲಿನಲ್ಲಿ ಒಂದು ದೋಷವಿದೆ. ಈ ವಾರ ಬರೆಯಬೇಕೆಂದಿರುವುದು ಅದರ ಬಗ್ಗೆಯೇ.

ದೋಷ ನನ್ನ ಕಣ್ಣಿಗೆ ಬಿದ್ದದ್ದು ಅಕ್ಕನ ಮಗನಿಂದ. "ಮಾಮ, ಲ್ಯಾಬಿನಲ್ಲಿ ಘನ ನಿಧಾನಕ್ಕೆ ತಿರುಗ್ತಿತ್ತು. ನನ್ನ ಲ್ಯಾಪ್‌ಟಾಪಲ್ಲಿ ಬುಗುರಿ ಥರ ತಿರುಗ್ತಿದೆ. ಎಲ್ಲಿ ತಪ್ಪು ಮಾಡಿದೀನಿ?" ಎಂದು ಫೋನ್ ಮಾಡಿದ. ಕೋಡ್ ತರಿಸಿ ನೋಡಿದೆ. ಲ್ಯಾಬಿನದಕ್ಕೂ ಮನೆಯದಕ್ಕೂ ಒಂದಕ್ಷರ ವ್ಯತ್ಯಾಸವಿರಲಿಲ್ಲ. ಲ್ಯಾಬಿನ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು. ಅವನ ಲ್ಯಾಪ್‌ಟಾಪಿನದು ಗೇಮ್ ಆಡುವವರಿಗೆಂದು ಮಾಡಿದ 144 ಹರ್ಟ್ಸ್ ಪರದೆ. ಚಿತ್ರ ಬದಲಾದಾಗಲೆಲ್ಲ ಒಂದು ಡಿಗ್ರಿ ಎಂದರೆ ಲ್ಯಾಬಿನಲ್ಲಿ ಪೂರ್ತಿ ಒಂದು ಸುತ್ತಿಗೆ 6 ಸೆಕೆಂಡ್, ಅವನ ಮನೆಯಲ್ಲಿ ಎರಡೂವರೆ ಸೆಕೆಂಡ್. ಚಿತ್ರ ಬದಲಿಸುವ ಮೊದಲು ಪರದೆಗಾಗಿ ಕಾಯುವ ವ್ಯವಸ್ಥೆಯನ್ನು ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗಿನಲ್ಲಿ ಆರಿಸಿಬಿಟ್ಟರೆ ಘನದ ಮುಖಗಳು ಕಣ್ಣಿಗೆ ಹಿಡಿಯುವುದೇ ಇಲ್ಲ. ಹುಡುಗ ಏನೂ ತಪ್ಪು ಮಾಡಿರಲಿಲ್ಲ. ಎಷ್ಟು ಬೇಗ ತಿರುಗಬೇಕು ಎಂದು ಪ್ರೋಗ್ರಾಮಿನಲ್ಲಿ ಯಾರೂ ಬರೆದೇ ಇರಲಿಲ್ಲ, ಅಷ್ಟೆ. ವೇಗವನ್ನು ಯಂತ್ರ ತನಗೆ ತೋಚಿದಂತೆ ಇಟ್ಟುಕೊಂಡಿತ್ತು.

ಯಂತ್ರಕ್ಕೆ ವೇಗ ಬಿಟ್ಟುಕೊಟ್ಟ ಕಥೆ ಹಳೆಯದು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್‌ವೇಡರ್ಸ್' ಎಂಬ ಆಟ ಮಾಡಿದರು. ಪರದೆ ತುಂಬ ಅನ್ಯಗ್ರಹದ ಜೀವಿಗಳು ಸಾಲಾಗಿ ಇಳಿದು ಬರುತ್ತವೆ, ಆಡುವವರು ಹೊಡೆದು ಉರುಳಿಸಬೇಕು. ಜೀವಿಗಳ ಸಂಖ್ಯೆ ಇಳಿದಂತೆ ಉಳಿದವು ಚುರುಕಾಗುತ್ತವೆ. ಆ ಕಾಲದ ಪ್ರೊಸೆಸರಿಗೆ ಅಷ್ಟೂ ಜೀವಿಗಳನ್ನು ಸರಿಸುವುದು ಹೊರೆಯಾಗಿತ್ತು. ಹೊರೆ ಇಳಿದಂತೆ ಅದರ ಓಟ ಹೆಚ್ಚಿತು. ನಿಶಿಕಾಡೊ ಅದನ್ನು ಸರಿಪಡಿಸುವ ಬದಲು ಆಟದ ಸೊಗಸಾಗಿ ಉಳಿಸಿಕೊಂಡರು. ಅವರಿಗೆ ಅದು ಒದಗಿ ಬಂತು, ಎಲ್ಲರಿಗೂ ಒದಗಲಿಲ್ಲ. 1981ರ ಐಬಿಎಂ ಪಿಸಿಯ 4.77 ಮೆಗಾಹರ್ಟ್ಸ್ ವೇಗವನ್ನೇ ನಂಬಿ ಬರೆದ ಆಟಗಳು, ಆಮೇಲೆ ಬಂದ ವೇಗದ ಯಂತ್ರಗಳಲ್ಲಿ ಆಡಲಾರದಷ್ಟು ಓಡತೊಡಗಿದವು. ತೊಂಬತ್ತರ ದಶಕದ ಕಂಪ್ಯೂಟರ್ ಡಬ್ಬದ ಮುಂಭಾಗದಲ್ಲಿ 'ಟರ್ಬೊ' ಎಂಬ ಗುಂಡಿ ಇರುತ್ತಿದ್ದುದು ಹಲವರಿಗೆ ನೆನಪಿರಬಹುದು. ಹೆಸರು ಕೇಳಿದರೆ ವೇಗ ಹೆಚ್ಚಿಸಲು ಇಟ್ಟದ್ದು ಅನಿಸುತ್ತದೆ. ಅದರ ನಿಜವಾದ ಉಪಯೋಗ ಇದ್ದದ್ದು ಅದನ್ನು ಆರಿಸಿ ಯಂತ್ರವನ್ನು ನಿಧಾನ ಮಾಡಿಕೊಳ್ಳುವುದರಲ್ಲಿ, ಹಳೆಯ ಪ್ರೋಗ್ರಾಮುಗಳು ಹಳೆಯ ಗತಿಯಲ್ಲಿ ನಡೆಯಲಿ ಎಂದು.

ಕಾಯುವ ಕೆಲಸವನ್ನು ಯಂತ್ರದ ವೇಗಕ್ಕೆ ತಕ್ಕಂತೆ ಅಳೆದುಕೊಳ್ಳಲು ಹೋದವರೂ ಎಡವಿದರು. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಮ್ ಶುರುವಾಗುವಾಗ, ಸುಮಾರು 55 ಮಿಲಿಸೆಕೆಂಡಿನಲ್ಲಿ ತಾನು ಎಷ್ಟು ಸಲ ಸುತ್ತಬಲ್ಲೆ ಎಂದು ಎಣಿಸಿ ಇಟ್ಟುಕೊಳ್ಳುತ್ತಿತ್ತು. ಡಿಲೇ ಎಂಬ ಆದೇಶಕ್ಕೆ ಆ ಲೆಕ್ಕ ಬೇಕು. ಪೆಂಟಿಯಂ 2ರಂಥ ಪ್ರೊಸೆಸರುಗಳು ಬಂದಾಗ ಆ ಎಣಿಕೆ ತನಗಿಟ್ಟ ಜಾಗದಲ್ಲಿ ಹಿಡಿಯದೆ ಹೋಯಿತು. ಪ್ರೋಗ್ರಾಮ್ ಮೊದಲ ಸಾಲಿಗೂ ಬಾರದೆ, 'ರನ್‌ಟೈಮ್ ಎರರ್ 200' ಎಂದು ಹೇಳಿ ನಿಂತಿತು. ಯಂತ್ರ ಚೆನ್ನಾಗಿದ್ದದ್ದೇ ಕೆಡುಕಾಯಿತು.

ಹಾಗಾದರೆ ಟೈಮರ್ ಇಡೋಣ ಎನ್ನುತ್ತೀರಿ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಓಪನ್‌ಜಿಎಲ್ ಜೊತೆ ಬಳಸುವ ಗ್ಲಟ್‌ನಲ್ಲಿ ಗ್ಲಟ್‌ಟೈಮರ್‌ಫಂಕ್ ಇದೆ, ಜಾವಾಸ್ಕ್ರಿಪ್ಟಿನಲ್ಲಿ ಸೆಟ್‌ಟೈಮ್‌ಔಟ್ ಇದೆ, ಪೈಥಾನಿನ ಟಿಕೆಇಂಟರ್‌ನಲ್ಲಿ ಆಫ್ಟರ್ ಇದೆ. ಇಷ್ಟು ಮಿಲಿಸೆಕೆಂಡ್ ಆದ ಮೇಲೆ ನನ್ನನ್ನು ಎಬ್ಬಿಸು ಎಂದು ಹೇಳಿ ಮಲಗುವುದು. ಈ ಟೈಮರುಗಳು ಕೊಡುವ ಮಾತನ್ನು ಗಮನವಿಟ್ಟು ಕೇಳಬೇಕು. 16 ಮಿಲಿಸೆಕೆಂಡ್ ಎಂದರೆ '16ಕ್ಕಿಂತ ಮೊದಲು ಎಬ್ಬಿಸುವುದಿಲ್ಲ' ಎಂದು ಅರ್ಥವೇ ಹೊರತು '16ಕ್ಕೇ ಎಬ್ಬಿಸುತ್ತೇನೆ' ಎಂದಲ್ಲ. ಕಿಟಕಿ, ಗುಂಡಿ, ಪಟ್ಟಿ ಇರುವ ಎಲ್ಲ ಪ್ರೋಗ್ರಾಮುಗಳಲ್ಲೂ ಒಂದೇ ಕೌಂಟರು, ಒಂದೇ ಸರತಿ. ಮೌಸ್ ಸರಿದದ್ದು, ಕೀ ಒತ್ತಿದ್ದು, ಚಿತ್ರ ಬರೆಯಬೇಕಾದದ್ದು, ಟೈಮರ್ ಮುಗಿದದ್ದು ಎಲ್ಲವೂ ಆ ಸಾಲಿನಲ್ಲಿ ನಿಲ್ಲಬೇಕು. ಮುಂದಿರುವವರ ಕೆಲಸ ಮುಗಿಯುವ ತನಕ ನಮ್ಮ ಸರದಿ ಇಲ್ಲ. ಇದರ ಮೇಲೆ ವಿಂಡೋಸಿನ ಗಡಿಯಾರ ಬಹುಕಾಲ ಮಾಮೂಲಾಗಿ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ ಮಾತ್ರ ಬಡಿಯುತ್ತಿತ್ತು. 10 ಕೇಳಿದವರಿಗೂ 15 ದಾಟಿಯೇ ಸಿಗುತ್ತಿತ್ತು. ಬ್ರೌಸರಿನಲ್ಲಿ ಬೇರೆ ಟ್ಯಾಬಿಗೆ ಹೋದಿರೋ, ಮರೆಯಲ್ಲಿರುವ ಟ್ಯಾಬಿನ ಟೈಮರನ್ನು ಸೆಕೆಂಡಿಗೊಮ್ಮೆ ಮಾತ್ರ ಎಬ್ಬಿಸುವಂತೆ ಬ್ರೌಸರ್ ತಾನೇ ಬಿಗಿ ಮಾಡುತ್ತದೆ.

ಈ ಸಣ್ಣ ಸಣ್ಣ ತಡಗಳು ಒಂದು ಸಲಕ್ಕೆ ಯಾರಿಗೂ ಕಾಣುವುದಿಲ್ಲ. ಮರುಕಳಿಸುವ ಅನಿಮೇಷನ್ನಿನಲ್ಲಿ ಅವು ಕೂಡುತ್ತಾ ಹೋಗುತ್ತವೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಮಗಳ ಸಂಗೀತ ಪಾಠದಿಂದ ಕಲಿತೆ.

ಅವಳ ಅಭ್ಯಾಸಕ್ಕೆಂದು ತಾಳ ತೋರಿಸುವ ಪುಟ್ಟ ಪ್ರೋಗ್ರಾಮ್ ಬರೆದಿದ್ದೆ. ಪರದೆಯ ಮೇಲೊಂದು ಕೈ ಆದಿತಾಳ ಹಾಕುತ್ತದೆ. ಲಘುವಿಗೆ ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ಎರಡು ದ್ರುತಕ್ಕೆ ತಟ್ಟು ಮತ್ತು ಹುಸಿ, ತಟ್ಟು ಮತ್ತು ಹುಸಿ. ಒಟ್ಟು ಎಂಟು ಅಕ್ಷರ, ಅಕ್ಷರಕ್ಕೆ ಒಂದು ಸೆಕೆಂಡ್. ಧ್ವನಿಗೆ ಎಂಟು ಸೆಕೆಂಡಿನ ಒಂದು ಆವರ್ತನವನ್ನು ಮುದ್ರಿಸಿಕೊಂಡು ಮತ್ತೆ ಮತ್ತೆ ನುಡಿಯುವಂತೆ ಇಟ್ಟಿದ್ದೆ. ಕೈಯ ಚಿತ್ರವನ್ನು ಬದಲಿಸಿ, ಬದಲಿಸಿದ ಮೇಲೆ 'ಇನ್ನು 1000 ಮಿಲಿಸೆಕೆಂಡಿಗೆ ಎಬ್ಬಿಸು' ಎಂದು ಟೈಮರಿಗೆ ಹೇಳುತ್ತಿದ್ದೆ. ಮೊದಲ ಹತ್ತು ಆವರ್ತನ ಸೊಗಸಾಗಿತ್ತು. ಹತ್ತು ನಿಮಿಷದ ಹೊತ್ತಿಗೆ ಮಗಳು ಒಳಗಿನಿಂದ ಕೂಗಿದಳು, "ಅಪ್ಪಾ, ಕೈ ಹಿಂದೆ ಬಿದ್ದಿದೆ." ಬಂದು ನೋಡಿದರೆ ಧ್ವನಿ ಸಮಕ್ಕೆ ಬಂದು ತಟ್ಟುತ್ತಿದೆ, ಪರದೆಯ ಕೈ ಇನ್ನೂ ಮೊದಲ ದ್ರುತದ ಹುಸಿಯಲ್ಲಿದೆ. ಲೆಕ್ಕ ಹಾಕಿದೆ. ಚಿತ್ರ ಬದಲಿಸಲು, ಸರತಿಯಲ್ಲಿ ಕಾಯಲು ಪ್ರತಿ ಅಕ್ಷರಕ್ಕೆ ಸುಮಾರು 5 ಮಿಲಿಸೆಕೆಂಡ್ ಹೆಚ್ಚಾಗುತ್ತಿತ್ತು. ಹತ್ತು ನಿಮಿಷಕ್ಕೆ 600 ಅಕ್ಷರ. ಅಲ್ಲಿಗೆ ಪೂರಾ ಮೂರು ಸೆಕೆಂಡ್, ಮೂರು ಅಕ್ಷರ ಹಿಂದೆ. ಧ್ವನಿ ಮಾತ್ರ ತಪ್ಪಲಿಲ್ಲ, ಏಕೆಂದರೆ ಅದು ಸೌಂಡ್ ಕಾರ್ಡಿನ ಸ್ವಂತ ಗಡಿಯಾರದ ಮೇಲೆ ನಡೆಯುತ್ತದೆ.

ಸಂಗೀತದ ಮೇಷ್ಟ್ರುಗಳು ಕಾಲಪ್ರಮಾಣ ಎನ್ನುವುದು ಇದಕ್ಕೇ. ಪ್ರತಿ ಅಕ್ಷರವನ್ನೂ ಹಿಂದಿನ ಅಕ್ಷರದಿಂದ ಅಳೆದರೆ ತಪ್ಪು ಬೆಳೆಯುತ್ತದೆ. ಎಲ್ಲವನ್ನೂ ಮೊದಲ ಸಮದಿಂದ ಅಳೆದರೆ ಒಂದು ಅಕ್ಷರ ತಡವಾದರೂ ಮುಂದಿನದು ತನ್ನ ಜಾಗಕ್ಕೇ ಬಂದು ಬೀಳುತ್ತದೆ.

ಪ್ರೋಗ್ರಾಮಿನಲ್ಲಿ ಇದನ್ನು ಬರೆಯುವುದು ತುಂಬ ಸುಲಭ. ಶುರುವಾದ ಗಳಿಗೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಎಚ್ಚರವಾದಾಗಲೆಲ್ಲ ಈಗ ಎಷ್ಟು ಹೊತ್ತಾಗಿದೆ ಎಂದು ಗಡಿಯಾರ ಕೇಳಿ. ಕಳೆದ ಹೊತ್ತನ್ನು ಒಂದು ಸುತ್ತಿನ ಅವಧಿಯಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಸುತ್ತಿನಲ್ಲಿ ನೀವು ಎಲ್ಲಿದ್ದೀರಿ ಎಂಬುದನ್ನು ಆ ಶೇಷವೇ ಹೇಳುತ್ತದೆ. ಘನದ ಸುತ್ತು 6000 ಮಿಲಿಸೆಕೆಂಡ್ ಎಂದಿರಲಿ, ಶುರುವಾಗಿ 20500 ಆಗಿದೆ ಎಂದಿರಲಿ. ಶೇಷ 2500, ಕೋನ 150 ಡಿಗ್ರಿ. ಪರದೆ 60 ಹರ್ಟ್ಸ್ ಆಗಲಿ 144 ಆಗಲಿ, ನಡುವೆ ಹತ್ತು ಚಿತ್ರ ತಪ್ಪಿಹೋಗಿರಲಿ, ಆ ಗಳಿಗೆಗೆ ಕೋನ 150 ಡಿಗ್ರಿಯೇ. ವೇಗದ ಪರದೆಯಲ್ಲಿ ಚಲನೆ ನುಣುಪಾಗಿ ಕಾಣುತ್ತದೆ, ನಿಧಾನದ್ದರಲ್ಲಿ ಸ್ವಲ್ಪ ತರಿತರಿಯಾಗಿ. ಸುತ್ತಿಗೆ ಹಿಡಿಯುವ ಹೊತ್ತು ಮಾತ್ರ ಎಲ್ಲ ಕಡೆ ಒಂದೇ.

ಎಬ್ಬಿಸುವ ಕೆಲಸವನ್ನು ಪರದೆಗೇ ಒಪ್ಪಿಸುವುದು ಮೇಲು. ಬ್ರೌಸರುಗಳಲ್ಲಿ ಇದಕ್ಕೆಂದೇ ರಿಕ್ವೆಸ್ಟ್ಆನಿಮೇಷನ್‌ಫ್ರೇಮ್ ಇದೆ. 2011ರ ಫೈರ್‌ಫಾಕ್ಸ್ 4ರಲ್ಲಿ ಇದರ ಮೊದಲ ರೂಪ ಬಂತು. ಆಂಡ್ರಾಯ್ಡಿನಲ್ಲಿ 2012ರ ಜೆಲ್ಲಿ ಬೀನ್‌ನಿಂದ ಕೊರಿಯಾಗ್ರಫರ್ ಇದೆ. ಪರದೆ ಮುಂದಿನ ಚಿತ್ರಕ್ಕೆ ಸಿದ್ಧವಾದಾಗ ಅವು ನಮ್ಮನ್ನು ಕರೆಯುತ್ತವೆ, ಜೊತೆಗೆ ಹೊತ್ತನ್ನೂ ಕೈಗೆ ಕೊಡುತ್ತವೆ. ಕೊಟ್ಟ ಹೊತ್ತನ್ನು ಬದಿಗಿಟ್ಟು ಕೋನಕ್ಕೆ ಒಂದು ಡಿಗ್ರಿ ಕೂಡಿಸುವ ಕೋಡನ್ನು ಇವತ್ತಿಗೂ ನೋಡುತ್ತೇನೆ. ಅಲ್ಲಿಗೆ ಅಕ್ಕನ ಮಗನ ಬುಗುರಿಯೇ ಮತ್ತೆ.

ಯಾವ ಗಡಿಯಾರ ಕೇಳಬೇಕು ಎಂಬುದೂ ಮುಖ್ಯ. ಕಂಪ್ಯೂಟರಿನ ಮೂಲೆಯಲ್ಲಿ ಗಂಟೆ ತೋರಿಸುವ ಗಡಿಯಾರವನ್ನು ಅಂತರ್ಜಾಲದ ಮೂಲಕ ಆಗಾಗ ಸರಿಪಡಿಸಲಾಗುತ್ತದೆ, ಬಳಸುವವರೂ ತಿದ್ದಬಹುದು. ಅದು ಹಿಂದಕ್ಕೆ ಹೋದರೆ ನಿಮ್ಮ ಘನವೂ ಹಿಂದಕ್ಕೆ ಹಾರುತ್ತದೆ. ಮುಂದಕ್ಕಷ್ಟೇ ಹೋಗುವ ಇನ್ನೊಂದು ಗಡಿಯಾರ ಪ್ರತಿ ವ್ಯವಸ್ಥೆಯಲ್ಲೂ ಇದೆ. ಬ್ರೌಸರಿನಲ್ಲಿ ಪರ್ಫಾರ್ಮೆನ್ಸ್ ಡಾಟ್ ನೌ, ಪೈಥಾನಿನಲ್ಲಿ ಟೈಮ್ ಡಾಟ್ ಮೊನೊಟಾನಿಕ್, ಜಾವಾದಲ್ಲಿ ನ್ಯಾನೊಟೈಮ್. ಅನಿಮೇಷನ್ನಿಗೆ ಅದೇ ಸರಿ. ಧ್ವನಿಯೂ ಜೊತೆಗಿದ್ದರೆ ಧ್ವನಿಯ ಗಡಿಯಾರವನ್ನೇ ಯಜಮಾನನನ್ನಾಗಿ ಮಾಡಬೇಕು. ಕಣ್ಣು ಕ್ಷಮಿಸುವ ತಪ್ಪನ್ನು ಕಿವಿ ಕ್ಷಮಿಸುವುದಿಲ್ಲ. ತಾಳದ ಕೈಯನ್ನು ನಾನು ಸರಿಪಡಿಸಿದ್ದು ಹಾಗೆಯೇ.

ರೈಲು ನಿಲ್ದಾಣದ ಫಲಕದಂತೆ ಹಗಲೂ ರಾತ್ರಿ ನಡೆಯುವ ಪರದೆಗಳಿಗೆ ಬರೆಯುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಕಳೆದ ಹೊತ್ತನ್ನು ಸೆಕೆಂಡಿನಲ್ಲಿ, 32 ಬಿಟ್‌ನ ದಶಮಾಂಶ ಸಂಖ್ಯೆಯಾಗಿ ಇಟ್ಟರೆ, ಒಂದು ದಿನ ಅಂದರೆ 86400 ಸೆಕೆಂಡ್ ಕಳೆಯುವ ಹೊತ್ತಿಗೆ ಆ ಸಂಖ್ಯೆ ಸುಮಾರು 8 ಮಿಲಿಸೆಕೆಂಡಿಗಿಂತ ಸಣ್ಣ ವ್ಯತ್ಯಾಸವನ್ನು ಗುರುತಿಸಲಾರದು. ಬೆಳಿಗ್ಗೆ ನುಣುಪಾಗಿ ಸಾಗುತ್ತಿದ್ದ ಅಕ್ಷರಗಳು ಮರುದಿನ ನಡುಗತೊಡಗುತ್ತವೆ. ಮಿಲಿಸೆಕೆಂಡುಗಳ ಪೂರ್ಣಾಂಕದಲ್ಲೇ ಶೇಷ ತೆಗೆದು, ಆಮೇಲೆ ದಶಮಾಂಶ ಮಾಡಿಕೊಂಡರೆ ಈ ತೊಂದರೆ ಇಲ್ಲ.

ಶೇಷದ ಉಪಾಯಕ್ಕೂ ಒಂದು ಮಿತಿ ಇದೆ. ಅದನ್ನೂ ಆ ತಾಳದ ಪ್ರೋಗ್ರಾಮೇ ಕಲಿಸಿತು. ಮುದ್ರಿತ ಆವರ್ತನ ತೆಗೆದು ಬಿಡಿ ಬಿಡಿ ತಟ್ಟುಗಳನ್ನಿಟ್ಟು, ಲಯ ಹೆಚ್ಚಿಸುವ ಸ್ಲೈಡರ್ ಸೇರಿಸಿದ್ದೆ. ಆವರ್ತನ 8 ಸೆಕೆಂಡ್ ಇರುವಾಗ, ಶುರುವಾಗಿ ಸರಿಯಾಗಿ 20 ಸೆಕೆಂಡಿಗೆ ಮಗಳು ಅದನ್ನು 6ಕ್ಕೆ ಇಳಿಸಿದಳು ಎಂದುಕೊಳ್ಳಿ. 20ನ್ನು 8ರಿಂದ ಭಾಗಿಸಿದರೆ ಶೇಷ 4. ಆವರ್ತನದ ಅರ್ಧ ಮುಗಿದು ಕೈ ಮೊದಲ ದ್ರುತದ ತಟ್ಟಿಗೆ ಬಂದಿದೆ. ಮರುಕ್ಷಣ ಅದೇ 20ನ್ನು 6ರಿಂದ ಭಾಗಿಸುತ್ತೇವೆ, ಶೇಷ 2. ಆರರಲ್ಲಿ ಎರಡು ಎಂದರೆ ಆವರ್ತನದ ಮೂರನೇ ಒಂದು ಭಾಗ. ತಟ್ಟಬೇಕಾದ ಕೈ ಹಿಂದಕ್ಕೆ ಜಿಗಿದು ಉಂಗುರದ ಬೆರಳು ಎಣಿಸುತ್ತಿದೆ! ಹೊಸ ಲಯ ಮೊದಲಿನಿಂದಲೇ ಇತ್ತು ಎಂದು ನಾವು ಯಂತ್ರಕ್ಕೆ ಸುಳ್ಳು ಹೇಳಿದಂತಾಯಿತು. ಲಯ ಬದಲಾದ ಗಳಿಗೆಯಲ್ಲಿ ಆವರ್ತನದ ಎಷ್ಟು ಪಾಲು ಮುಗಿದಿದೆ ಎಂದು ಹಿಡಿದಿಟ್ಟುಕೊಂಡು, ಆ ಪಾಲಿಗೆ ಹೊಂದುವಂತೆ ಆರಂಭದ ಗಳಿಗೆಯನ್ನೇ ಸರಿಸಬೇಕು. ಇಲ್ಲಿ ಅರ್ಧ ಆವರ್ತನ ಮುಗಿದಿದೆ, ಆರರ ಅರ್ಧ ಮೂರು, ಹಾಗಾಗಿ ಹೊಸ ಆರಂಭ ಈಗಿನಿಂದ ಮೂರು ಸೆಕೆಂಡ್ ಹಿಂದೆ. ನಡುವೆ ತಡೆದು ಮತ್ತೆ ಮುಂದುವರಿಸುವ ಗುಂಡಿಗೂ ಇದೇ ಲೆಕ್ಕ.

ಸುತ್ತಿನ ಕೊನೆ ಮೊದಲಿಗೆ ಬೆಸೆಯುವ ಜಾಗದಲ್ಲಿ ಬಹಳ ಮಂದಿ ಮುಗ್ಗರಿಸುತ್ತಾರೆ. ಘನದ ಫಂಕ್ಷನ್ನಿನಲ್ಲಿ ಕೆಲವರು 360 ದಾಟಿದಾಗ 360 ಕಳೆಯುವ ಬದಲು ಕೋನವನ್ನು ಸೊನ್ನೆ ಮಾಡುತ್ತಾರೆ. ಒಂದೊಂದೇ ಡಿಗ್ರಿ ಸರಿಯುವಾಗ ಅದು ತಿಳಿಯುವುದಿಲ್ಲ. 7 ಡಿಗ್ರಿಯಂತೆ ಸರಿದರೆ 357 ಆದ ಮೇಲೆ 364, ಅದನ್ನು ಸೊನ್ನೆ ಮಾಡಿದರೆ ಸುತ್ತಿಗೆ ನಾಲ್ಕು ಡಿಗ್ರಿ ಕಳೆದುಹೋಗುತ್ತದೆ, ಅಲ್ಲೊಂದು ಕುಂಟು ಕಾಣುತ್ತದೆ. ಹನ್ನೆರಡು ಚಿತ್ರಗಳಲ್ಲಿ ತಿರುಗುವ ಚಕ್ರ ಬಿಡಿಸುವವರು ಮೊದಲ ಚಿತ್ರಕ್ಕೆ 0 ಡಿಗ್ರಿ, ಕೊನೆಯದಕ್ಕೆ 360 ಕೊಡುತ್ತಾರೆ. ಎರಡೂ ಒಂದೇ ಚಿತ್ರ, ಆದ್ದರಿಂದ ಪ್ರತಿ ಸುತ್ತಿಗೊಮ್ಮೆ ಚಕ್ರ ಅರೆಗಳಿಗೆ ನಿಂತಂತಾಗುತ್ತದೆ. ಕೊನೆಯ ಚಿತ್ರ 330ಕ್ಕೆ ನಿಲ್ಲಬೇಕು. ಸಿಎಸ್‌ಎಸ್‌ನಲ್ಲಿ ತಿರುಗುವ ಚಕ್ರ ಬರೆದು, ಅದು ಪ್ರತಿ ಸುತ್ತಿನ ಕೊನೆಗೆ ಏಕೆ ನಿಧಾನವಾಗುತ್ತದೆ ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಒಂದೇ ಪದ. ಗತಿ ಹೇಳದಿದ್ದರೆ ಸಿಎಸ್‌ಎಸ್ 'ಈಸ್' ಎಂದುಕೊಳ್ಳುತ್ತದೆ, ಅಂದರೆ ಬೇಗ ಹೊರಟು ಮೆಲ್ಲಗೆ ನಿಲ್ಲುವ ಗತಿ. 'ಲೀನಿಯರ್' ಎಂದು ಬರೆದರೆ ಮುಗಿಯಿತು.

ಜಿಐಎಫ್ ಚಿತ್ರಗಳದ್ದು ಬೇರೆಯೇ ಸಂಗತಿ. 1989ರ ಜಿಐಎಫ್ ನಿಯಮದಲ್ಲಿ ಚಿತ್ರದಿಂದ ಚಿತ್ರಕ್ಕೆ ಇರುವ ಬಿಡುವನ್ನು ಸೆಕೆಂಡಿನ ನೂರನೇ ಭಾಗಗಳಲ್ಲಿ ಬರೆಯಲಾಗುತ್ತದೆ. ಚಿತ್ರಗಳು ಕೊನೆಯಿಲ್ಲದೆ ಮರುಕಳಿಸುವ ಸೌಲಭ್ಯ ಮೂಲ ನಿಯಮದಲ್ಲಿ ಇರಲೇ ಇಲ್ಲ, ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಸೇರಿಸಿತು. ಬಿಡುವು 1 ಎಂದು ಬರೆದರೆ ಅತಿ ವೇಗವಾಗಿ ಓಡುತ್ತದೆ ಎಂದುಕೊಳ್ಳುತ್ತೇವೆ. ಇವತ್ತಿನ ಬ್ರೌಸರುಗಳು 2ಕ್ಕಿಂತ ಕಡಿಮೆ ಇದ್ದುದನ್ನು 10 ಎಂದು ಓದುತ್ತವೆ, ಚಿತ್ರ ಇನ್ನಷ್ಟು ನಿಧಾನವಾಗುತ್ತದೆ. 2 ಎಂದು ಬರೆಯಿರಿ, ಸೆಕೆಂಡಿಗೆ 50 ಚಿತ್ರ ಸಿಗುತ್ತದೆ.

ಗತಿ ಸರಿ ಮಾಡಿದರೆ ಸಾಲದು, ನಿಲ್ಲಿಸುವುದೂ ನಮ್ಮದೇ ಹೊಣೆ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಪೋಕೆಮಾನ್ ಸರಣಿಯ ಒಂದು ಕಂತು ಬಂತು. ಕೆಲವೇ ಸೆಕೆಂಡುಗಳ ಕಾಲ ಕೆಂಪು ಮತ್ತು ನೀಲಿ ಬಣ್ಣ ಸೆಕೆಂಡಿಗೆ ಸುಮಾರು 12 ಸಲದಂತೆ ಮಿಂಚಿದವು. ನೋಡುತ್ತಿದ್ದವರಲ್ಲಿ 685 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು, ಬಹುಪಾಲು ಮಕ್ಕಳು. ವೆಬ್ ಪುಟಗಳಿಗಿರುವ ಡಬ್ಲ್ಯುಸಿಎಜಿ ನಿಯಮಾವಳಿ ಈಗ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚಬಾರದು ಎನ್ನುತ್ತದೆ. ತಾನಾಗಿಯೇ ಶುರುವಾಗಿ ಬೇರೆ ವಿಷಯದ ಪಕ್ಕದಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವುದಕ್ಕೆಲ್ಲ ತಡೆಯುವ ಗುಂಡಿ ಇರಬೇಕು ಎಂದೂ ಹೇಳುತ್ತದೆ. ಚಲನೆ ಕಂಡರೆ ತಲೆಸುತ್ತು ಬರುವವರು ಫೋನಿನ ಸೆಟ್ಟಿಂಗಿನಲ್ಲಿ 'ರೆಡ್ಯೂಸ್ ಮೋಷನ್' ಒತ್ತಿರುತ್ತಾರೆ. ನಮ್ಮ ಪುಟ ಅದನ್ನು ಕೇಳಿ ತಿಳಿಯಬಹುದು, ಸಿಎಸ್‌ಎಸ್‌ನಲ್ಲಿ ಎರಡು ಮೂರು ಸಾಲಿನ ಕೆಲಸ. ಅಷ್ಟನ್ನೂ ಬರೆಯದೆ ಬಿಡುವುದು ಉದಾಸೀನ ಎಂದೇ ನನ್ನ ಅಭಿಪ್ರಾಯ. ಯಾರೂ ನೋಡದ ಪರದೆಯ ಹಿಂದೆ ಚಕ್ರ ತಿರುಗಿಸಿ ಬ್ಯಾಟರಿ ಖಾಲಿ ಮಾಡುವುದೂ ಹಾಗೆಯೇ.

ಹೊಸಬರಿಗೆ ಇನ್ನೊಂದು ಮಾತು. ಅನಿಮೇಷನ್ ನಿಧಾನ ಮಾಡಲೆಂದು ಕೊನೆಯಿಲ್ಲದ ಲೂಪಿನೊಳಗೆ ಸ್ಲೀಪ್ ಎಂದು ಬರೆಯಬೇಡಿ. ಆಗಲೇ ಹೇಳಿದ ಆ ಒಂದೇ ಕೌಂಟರಿನಲ್ಲಿ ಕೂತವರು ನಿದ್ದೆ ಮಾಡಿದಂತೆ. ಕಿಟಕಿ ಬಿಳಚಿ, 'ನಾಟ್ ರೆಸ್ಪಾಂಡಿಂಗ್' ಎಂದು ತಲೆಪಟ್ಟಿಯಲ್ಲಿ ಬರುತ್ತದೆ.

ಅಕ್ಕನ ಮಗನ ಘನಕ್ಕೆ ಬರೋಣ. ಗ್ಲಟ್‌ನಲ್ಲಿ ಗ್ಲಟ್‌ಗೆಟ್ ಎಂಬ ಫಂಕ್ಷನ್ ಇದೆ. ಕಳೆದ ಹೊತ್ತು ಎಷ್ಟು ಎಂದು ಕೇಳಿದರೆ, ಪ್ರೋಗ್ರಾಮ್ ಶುರುವಾದಂದಿನಿಂದ ಕಳೆದ ಮಿಲಿಸೆಕೆಂಡುಗಳನ್ನು ಹೇಳುತ್ತದೆ. ಒಂದು ಡಿಗ್ರಿ ಕೂಡಿಸುವ ಸಾಲನ್ನೂ 360 ಕಳೆಯುವ ಸಾಲನ್ನೂ ತೆಗೆದು, ಆ ಸಂಖ್ಯೆಯನ್ನು 6000ದಿಂದ ಭಾಗಿಸಿ ಉಳಿದ ಶೇಷಕ್ಕೆ ತಕ್ಕ ಕೋನ ಬರೆದೆವು. ಎರಡು ಸಾಲು ಹೋಗಿ ಒಂದು ಸಾಲು ಬಂತು. ಅವನ ಲ್ಯಾಪ್‌ಟಾಪಿನಲ್ಲೂ ನನ್ನ ಹಳೆಯ ಕಂಪ್ಯೂಟರಿನಲ್ಲೂ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿದೆವು, ಎರಡರಲ್ಲೂ ಸುತ್ತಿಗೆ ಆರು ಸೆಕೆಂಡ್.

ಗ್ರಾಫಿಕ್ಸ್ ಲ್ಯಾಬ್ ನಡೆಸುವ ಅಧ್ಯಾಪಕರಲ್ಲಿ ನನ್ನದೊಂದು ಬೇಡಿಕೆ. ಘನ ತಿರುಗಿದರೆ ಅಂಕ ಕೊಟ್ಟು ಮುಂದೆ ಹೋಗಬೇಡಿ. ವೈವಾದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಈ ಘನ ಒಂದು ಸುತ್ತು ಬರಲು ಎಷ್ಟು ಸೆಕೆಂಡ್ ಬೇಕು, ಅದನ್ನು ಪ್ರೋಗ್ರಾಮಿನ ಯಾವ ಸಾಲಿನಲ್ಲಿ ಬರೆದಿದ್ದೀಯ, ತೋರಿಸು.